ಸಾಸಿವೆಯ ಘಾಟು ಮತ್ತು ಸಸ್ಯಜನ್ಯ ಕೀಟನಾಶಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡುಗೆಮನೆಗಳಲ್ಲಿ ಸಾಸಿವೆಯೆಂಬುದು ಒಂದು ಕಾಳಿನ ಹೆಸರು ಮಾತ್ರವಲ್ಲ, ಒಂದು ವ್ಯಂಜನದ ಹೆಸರೂ ಹೌದು. ಹಸಿ ಸಾಸಿವೆಯನ್ನು ತೆಂಗಿನತುರಿಯೊಡನೆ ನೀರು ಬೆರೆಸಿ ನುಣ್ಣಗೆ ಅರೆದು, ಮೊಸರು ಕೂಡಿಸಿ, ಮಾವಿನಹಣ್ಣನ್ನೋ ಹುರಿದ ಬೆಂಡೆಯನ್ನೋ ಹಾಕಿ ಸಿದ್ಧಪಡಿಸುವ ಈ ಪದಾರ್ಥವನ್ನು ಉಂಡವರಿಗೆ ಮೂಗಿನ ಬುಡಕ್ಕೇರುವ ಅದರ ಘಾಟು ಅಪರಿಚಿತವಲ್ಲ. ಅದೇ ಊಟದಲ್ಲಿ ಸಾರಿಗೂ ಪಲ್ಯಕ್ಕೂ ಒಗ್ಗರಣೆಯಾಗಿ ಸಿಡಿದ ಸಾಸಿವೆಯೂ ಇರುತ್ತದೆ. ಅದನ್ನು ಹಲ್ಲಿನಲ್ಲಿ ಕಡಿದರೆ ಬೀಜದ ಪರಿಮಳವಲ್ಲದೆ ಘಾಟಿನ ಸುಳಿವೂ ದೊರೆಯದು. ಒಂದೇ ಡಬ್ಬಿಯಿಂದ ತೆಗೆದ ಒಂದೇ ಕಾಳು ಒಂದೆಡೆ ಕಣ್ಣಲ್ಲಿ ನೀರು ಬರಿಸುತ್ತದೆ, ಇನ್ನೊಂದೆಡೆ ಮೌನವಾಗಿರುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನೆಂದು ವಿಚಾರಿಸಹೊರಟರೆ ಸಸ್ಯಶಾಸ್ತ್ರದ ಒಂದು ಸ್ವಾರಸ್ಯಕರವಾದ ಪ್ರಕರಣವೇ ತೆರೆದುಕೊಳ್ಳುತ್ತದೆ. ಅದು ಅಡುಗೆಮನೆಯಲ್ಲಿ ಆರಂಭವಾಗಿ ಅಡಕೆತೋಟದ ಮಣ್ಣಿನವರೆಗೂ ಚಾಚಿಕೊಳ್ಳುವ ವಿಷಯ.

ಇದನ್ನು ಯಾವ ಶಾಲೆಯಲ್ಲಾದರೂ ಮಾಡಿ ತೋರಿಸಬಹುದು. ಸಾಸಿವೆಯನ್ನು ಒಣಗಿದಂತೆಯೇ ಕುಟ್ಟಿ ಪುಡಿ ಮಾಡಿ ಮೂಸಿದರೆ ಘಾಟು ಅತ್ಯಲ್ಪ. ಅದಕ್ಕೆ ತಣ್ಣೀರು ಬೆರೆಸಿ ಕೆಲವು ನಿಮಿಷ ಮುಚ್ಚಿಟ್ಟು ತೆರೆದರೆ ಘಾಟು ಮುಖಕ್ಕೆ ಅಡರುತ್ತದೆ. ಇನ್ನೊಂದಿಷ್ಟು ಕಾಳನ್ನು ಮೊದಲು ಕುದಿಯುವ ನೀರಿನಲ್ಲಿ ಹದಿನೈದು ನಿಮಿಷ ಬೇಯಿಸಿ, ಆರಿಸಿ, ಬಳಿಕ ಅರೆದರೆ ಘಾಟು ಹುಟ್ಟುವುದಿಲ್ಲ. ಆದರೆ ಬೇಯಿಸಿ ಅರೆದ ಆ ಮುದ್ದೆಗೆ ಒಂದು ಚಿಟಿಕೆ ಹಸಿ ಬಿಳಿ ಸಾಸಿವೆಯ ಪುಡಿಯನ್ನೋ ಹಸಿ ಮೂಲಂಗಿಯ ತುರಿಯನ್ನೋ ಬೆರೆಸಿಟ್ಟರೆ, ಆ ಚಿಟಿಕೆಯ ಅಳತೆಯನ್ನು ಮೀರಿದ ಘಾಟು ಮರಳಿ ಏಳುತ್ತದೆ. ಬೆಂದ ಕಾಳಿನಲ್ಲಿ ಘಾಟಿನ ಮೂಲದ್ರವ್ಯ ಹಾಗೆಯೇ ಉಳಿದಿತ್ತು. ನಾಶವಾದದ್ದು ಆ ದ್ರವ್ಯವನ್ನು ಒಡೆದು ಘಾಟನ್ನು ಹೊರಗೆಡಹುವ ಕರ್ತೃ ಮಾತ್ರ ಎಂಬುದು ಇದರಿಂದ ಸಿದ್ಧವಾಗುತ್ತದೆ. ಆ ಕರ್ತೃವೇ ಕಿಣ್ವ. ಬೆಂಕಿಗೆ ಅಳುಕುವುದು, ಅಲ್ಪಪ್ರಮಾಣದಲ್ಲಿದ್ದು ಬಹುಕಾರ್ಯವನ್ನು ಸಾಧಿಸುವುದು, ತಾನು ವ್ಯಯವಾಗದೆ ಇತರ ದ್ರವ್ಯಗಳನ್ನು ಪರಿವರ್ತಿಸುವುದು ಇವು ಕಿಣ್ವಗಳ ಲಕ್ಷಣ.

1840ರ ಸುಮಾರಿನಲ್ಲಿ ಫ್ರಾನ್ಸ್ ದೇಶದ ರಸಾಯನಜ್ಞ ಬುಸ್ಸಿ ಎಂಬಾತನು ಕರಿ ಸಾಸಿವೆಯಲ್ಲಿ ಈ ಎರಡು ಭಾಗಗಳನ್ನು ಬೇರೆಬೇರೆಯಾಗಿ ಗುರುತಿಸಿದನು. ಘಾಟಿನ ಮೂಲದ್ರವ್ಯವು ಈಗ ಸಿನಿಗ್ರಿನ್ ಎಂದು ಹೆಸರಾಗಿದೆ. ಕಿಣ್ವಕ್ಕೆ ಆತನಿಟ್ಟ ಹೆಸರೇ ಸ್ವಲ್ಪ ಮಾರ್ಪಟ್ಟು ಮೈರೋಸಿನೇಸ್ ಎಂದು ರೂಢಿಗೆ ಬಂದಿದೆ. ಸಿನಿಗ್ರಿನ್ನಿನ ಬಂಧುಗಳಾದ ಗಂಧಕಯುಕ್ತ ದ್ರವ್ಯಗಳು ನೂರಕ್ಕೂ ಮಿಕ್ಕಿ ಈಚೆಗೆ ಪತ್ತೆಯಾಗಿದ್ದು, ಅವೆಲ್ಲಕ್ಕೂ ಸೇರಿ ಗ್ಲುಕೋಸಿನೋಲೇಟುಗಳು ಎಂಬ ಸಾಮಾನ್ಯ ನಾಮವಿದೆ. ಇವುಗಳ ನಿಜವಾದ ರಚನೆ 1956ರವರೆಗೂ ತಪ್ಪಾಗಿಯೇ ತಿಳಿಯಲ್ಪಟ್ಟಿತ್ತು. ಆ ವರ್ಷ ಎಟ್ಲಿಂಗರ್ ಮತ್ತು ಲುಂಡೀನ್ ಎಂಬ ಇಬ್ಬರು ಅದನ್ನು ತಿದ್ದಿದರು. ಕಿಣ್ವದ ಅಣುವಿನ ಆಕಾರವನ್ನು ಬಿಳಿ ಸಾಸಿವೆಯಿಂದ ತೆಗೆದು ಸ್ಪಷ್ಟವಾಗಿ ಕಂಡುಕೊಂಡದ್ದು 1997ರಲ್ಲಿ, ಬರ್ಮೈಸ್ಟರ್ ಮತ್ತು ಅವರ ಸಂಗಡಿಗರು. ಅಡುಗೆಯವರು ಸಹಸ್ರ ವರ್ಷಗಳಿಂದ ಬಲ್ಲ ಸಂಗತಿಯ ಒಳಮರ್ಮವನ್ನು ಅರಿಯಲು ಶಾಸ್ತ್ರಕ್ಕೆ ಒಂದೂವರೆ ಶತಮಾನ ಹಿಡಿಯಿತು.

ಗಿಡದೊಳಗೆ ಮೂಲದ್ರವ್ಯವೂ ಕಿಣ್ವವೂ ಒಂದೆಡೆ ಇರುವುದಿಲ್ಲ. ಮೂಲದ್ರವ್ಯ ಕೆಲವು ಕೋಶಗಳಲ್ಲಿ, ಕಿಣ್ವ ನೆರೆಯ ಬೇರೆ ಕೋಶಗಳಲ್ಲಿ. ಎಲೆ ನೆಮ್ಮದಿಯಾಗಿ ಬೆಳೆಯುತ್ತಿರುವಾಗ ಇವೆರಡಕ್ಕೂ ಸಂಪರ್ಕವೇ ಇಲ್ಲ. ಹುಳು ಎಲೆಯನ್ನು ಕಡಿದಾಗ, ಮೊಣಕೈಯೂರಿ ಅರೆಯುವ ಕಲ್ಲಿನ ಕೆಳಗೆ ಕಾಳು ಸಿಕ್ಕಾಗ, ಕೋಶಭಿತ್ತಿಗಳು ಒಡೆದು ಎರಡೂ ಕೂಡುತ್ತವೆ. ಅಡಕೆಯ ನಾಡಿನವರಿಗೆ ಇದನ್ನು ತಾಂಬೂಲದ ದೃಷ್ಟಾಂತದಿಂದ ಹೇಳಿದರೆ ಸಾಕು. ತಟ್ಟೆಯಲ್ಲಿ ವೀಳ್ಯದೆಲೆ ಹಸುರು, ಸುಣ್ಣ ಬಿಳುಪು, ಅಡಕೆ ಕಂದು. ಕೆಂಪು ಎಲ್ಲಿಯೂ ಇಲ್ಲ. ಹಲ್ಲಿನ ನಡುವೆ ಮೂರೂ ಅರೆದು ಬೆರೆತಾಗಲಷ್ಟೇ ಬಾಯಿ ಕೆಂಪೇರುತ್ತದೆ. ಸಾಸಿವೆಯ ಘಾಟೂ ಅಂತೆಯೇ ಸಂಯೋಗಜನ್ಯವಾದದ್ದು, ಮೊದಲೇ ಕಾಳಿನಲ್ಲಿ ಕೂಡಿಟ್ಟದ್ದಲ್ಲ.

ಸಂಯೋಗವಾದ ಕೂಡಲೇ ಕಿಣ್ವವು ನೀರಿನ ಸಹಾಯದಿಂದ ಮೂಲದ್ರವ್ಯಕ್ಕೆ ಅಂಟಿಕೊಂಡಿರುವ ಸಕ್ಕರೆಯ ಅಂಶವನ್ನು ಕತ್ತರಿಸಿ ಬಿಡಿಸುತ್ತದೆ. ಒಣಪುಡಿಯಲ್ಲಿ ಘಾಟಿಲ್ಲದಿರುವುದು ನೀರಿನ ಈ ಅಗತ್ಯದಿಂದಲೇ. ಸಕ್ಕರೆ ಕಳಚಿದ ಮೇಲೆ ಉಳಿದ ಭಾಗ ನಿಲ್ಲಲಾರದು. ಸಲ್ಫೇಟನ್ನು ತೊರೆದು, ತನ್ನೊಳಗಿನ ಜೋಡಣೆಯನ್ನು ತಾನೇ ಬದಲಿಸಿಕೊಂಡು ಐಸೋಥಯೋಸಯನೇಟ್ ಎಂಬ ತೀಕ್ಷ್ಣದ್ರವ್ಯವಾಗುತ್ತದೆ. ಸಿನಿಗ್ರಿನ್ನಿನಿಂದ ಹುಟ್ಟುವುದು ಅಲೈಲ್ ಐಸೋಥಯೋಸಯನೇಟ್. ಇದು ಸುಲಭವಾಗಿ ಆವಿಯಾಗಿ ಗಾಳಿಯಲ್ಲಿ ಸೇರುವುದರಿಂದಲೇ ಮೂಗಿಗೇರುತ್ತದೆ. ಬಿಳಿ ಸಾಸಿವೆಯಲ್ಲಿರುವ ಸಿನಾಲ್ಬಿನ್ನಿನಿಂದ ಹುಟ್ಟುವ ದ್ರವ್ಯ ಅಷ್ಟಾಗಿ ಆವಿಯಾಗದು. ಅದು ನಾಲಗೆಯನ್ನು ಸುಡುತ್ತದೆ, ಮೂಗನ್ನು ಕಾಡುವುದು ಕಡಿಮೆ. ಗಿಡದಲ್ಲಿ ಸಹಜವಾಗಿರುವ ಸಿ ಜೀವಸತ್ವವು ಅಲ್ಪಮಾತ್ರದಲ್ಲಿ ಈ ಕಿಣ್ವವನ್ನು ಬಹುವಾಗಿ ಚುರುಕುಗೊಳಿಸುತ್ತದೆ. ಉಷ್ಣ 60-70 ಡಿಗ್ರಿ ಸೆಲ್ಸಿಯಸನ್ನು ದಾಟಿದರೆ ಕಿಣ್ವ ಕ್ರಮೇಣ ಸಾಯುತ್ತದೆ. ಒಗ್ಗರಣೆಯ ಎಣ್ಣೆ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆಂದ ಮೇಲೆ ಅಲ್ಲಿ ಘಾಟಿಲ್ಲದಿರುವುದು ಆಶ್ಚರ್ಯವಲ್ಲ.

ಸಾಸಿವೆಯ ಕುಟುಂಬ ದೊಡ್ಡದು. ಹೂವಿನ ನಾಲ್ಕು ದಳಗಳು ಶಿಲುಬೆಯಂತೆ ಹರಡುವ ಮೂರು ಸಾವಿರಕ್ಕೂ ಮಿಕ್ಕಿದ ಜಾತಿಗಳು ಅದರಲ್ಲಿವೆ. ಎಲೆಕೋಸು, ಹೂಕೋಸು, ಮೂಲಂಗಿ, ನವಿಲುಕೋಸುಗಳೆಲ್ಲ ಅದಕ್ಕೇ ಸೇರಿದವು. ತುಳುನಾಡಿನ ಮಳೆ ಮತ್ತು ಸೆಕೆಗಳಲ್ಲಿ ಇವು ಹುಲುಸಾಗಿ ಬೆಳೆಯುವವಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಈ ಕಿಣ್ವದ ವ್ಯವಸ್ಥೆ ಕುಟುಂಬದ ಎಲ್ಲೆಯನ್ನು ದಾಟಿ ಹತ್ತಿರದ ಬಳಗಕ್ಕೂ ಹಬ್ಬಿದೆ. ತುಳುವಿನಲ್ಲಿ ನುರ್ಗೆಯೆನ್ನಿಸುವ ನುಗ್ಗೆ ಆ ಬಳಗದ್ದು. ಅದರ ಬೇರನ್ನು ಜಜ್ಜಿದರೆ ಸಾಸಿವೆಯ ಘಾಟೇ ಬರುತ್ತದೆ. ಹಿತ್ತಿಲ ಬಪ್ಪಂಗಾಯಿ, ಅಂದರೆ ಪಪ್ಪಾಯಿ, ಅದೇ ಬಳಗದ್ದು. ಹಣ್ಣನ್ನು ತಿಂದು ಎಸೆಯುವ ಕರಿಬೀಜವನ್ನೊಮ್ಮೆ ಕಡಿದು ನೋಡಿದವರಿಗೆ ಬೇರೆ ಪ್ರಮಾಣ ಬೇಕಿಲ್ಲ. ಬೇಲಿಯ ಬದಿಯಲ್ಲೂ ಬೀಳುಗದ್ದೆಯಲ್ಲೂ ಹಳದಿ ಹೂ ಬಿಟ್ಟು ನಿಲ್ಲುವ ನಾಯಿಸಾಸಿವೆಯಂತೂ ಸಾಸಿವೆಗೆ ಅತಿ ಸಮೀಪದ ದಾಯಾದಿ. ಹೆಸರಿಟ್ಟ ಹಳ್ಳಿಯ ಜನ ಸಸ್ಯಶಾಸ್ತ್ರವನ್ನು ಓದಿದವರಲ್ಲ. ಬೀಜದ ರೂಪ ರುಚಿಗಳಿಂದಲೇ ಸಂಬಂಧವನ್ನು ಸರಿಯಾಗಿ ಗುರುತಿಸಿದ್ದರು.

ಪ್ರಾಚೀನರು ಸಾಸಿವೆಯ ಈ ಗುಣವನ್ನು ತಮ್ಮದೇ ರೀತಿಯಲ್ಲಿ ಕಂಡಿದ್ದರು. ಬಿಳಿ ಸಾಸಿವೆಗೆ ಸಿದ್ಧಾರ್ಥವೆಂಬ ಹೆಸರನ್ನು ಅಮರಸಿಂಹನೇ ಹೇಳಿದ್ದಾನೆ. ರಕ್ಷೋಘ್ನವೆಂಬ ಹೆಸರೂ ನಿಘಂಟುಗಳಲ್ಲಿದೆ. ಸುಶ್ರುತಸಂಹಿತೆಯಲ್ಲಿ ಗಾಯಗೊಂಡವನು ಮಲಗಿದ ಕೋಣೆಗೆ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ವಿಧಿಸಲಾಗಿದೆ. ಸುರಪಾಲನ ವೃಕ್ಷಾಯುರ್ವೇದದಲ್ಲಿ ಹುಳು ಬಿದ್ದ ಮರಗಳಿಗೆ ಬಿಳಿ ಸಾಸಿವೆ, ವಾಯುವಿಡಂಗ, ಬಜೆ ಮುಂತಾದವುಗಳ ಧೂಪವುಂಟು. ಕನ್ನಡದಲ್ಲಿಯೂ 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಸ್ಥಾನ ದೊರೆತಿದೆ. ಕೃಷಿಯನ್ನು ಕಾಯಕವಾಗಿ ಕೈಕೊಂಡ ಒಕ್ಕಲಿಗ ಮುದ್ದಣ್ಣನಂಥವರು ಶರಣರ ನಡುವೆ ಇದ್ದ ನಾಡಿನಲ್ಲಿ ಮಣ್ಣಿನ ವಿದ್ಯೆಗೆ ಗೌರವ ಹೊಸದೇನೂ ಅಲ್ಲ. ಆದರೆ ಹಳೆಯ ಗ್ರಂಥಗಳ ಮೇಲಣ ಅಭಿಮಾನದಿಂದ ಎಲ್ಲವೂ ಅಲ್ಲಿಯೇ ಇತ್ತೆಂದು ಸಾಧಿಸಹೊರಡುವುದು ವಿದ್ವತ್ತಿಗೆ ಶೋಭಿಸುವುದಿಲ್ಲ. ಧೂಪದಲ್ಲಿ ಕಾಳು ಕೆಂಡದ ಮೇಲೆ ಬೀಳುತ್ತದೆ. ಬೆಂಕಿಯಲ್ಲಿ ಕಿಣ್ವಕ್ಕೆ ಉಳಿವಿಲ್ಲ. ಆದ್ದರಿಂದ ಧೂಪದ ಕಾರ್ಯಕಾರಣಗಳು ಬೇರೆ, ಅರೆದ ಸಾಸಿವೆಯ ಕಾರ್ಯಕಾರಣಗಳು ಬೇರೆ. ಗ್ರಂಥಕಾರರು ಸಾಸಿವೆಯನ್ನು ಆರಿಸಿಕೊಂಡದ್ದು ಅನುಭವದಿಂದ. ಕಿಣ್ವದ ಅರಿವು ಇಂದಿನದು.

ಈ ವಿಚಾರಕ್ಕೆ ಬೆಳ್ತಂಗಡಿಯ ಸೀಮೆಯಲ್ಲಿ ಏಕೆ ವಿಶೇಷವಾದ ಮಹತ್ವವಿದೆಯೆಂಬುದನ್ನು ಅಲ್ಲಿಯ ಇತ್ತೀಚಿನ ಇತಿಹಾಸವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಗೇರುಮರದ ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಟೀ ಸೊಳ್ಳೆಯೆಂಬ ಕೀಟವನ್ನು ಹತೋಟಿಗೆ ತರಲೆಂದು 1980ರ ದಶಕದಿಂದ 2000ದವರೆಗೆ ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಮನೆ, ಬಾವಿ, ಗದ್ದೆಗಳು ಆ ತೋಟಗಳ ಅಂಚಿನಲ್ಲಿಯೇ ಇದ್ದವು. ಅಂಗವೈಕಲ್ಯದಿಂದಲೂ ಬುದ್ಧಿಮಾಂದ್ಯದಿಂದಲೂ ಬಳಲುವ ಮಕ್ಕಳು ಒಂದೊಂದು ಮನೆಯಲ್ಲಿ ಹುಟ್ಟತೊಡಗಿದಾಗ ತಂದೆತಾಯಿಗಳು ತಮ್ಮ ಕರ್ಮವೆಂದು ಮೊದಲು ಸುಮ್ಮನಿದ್ದರು, ಅನಂತರ ದನಿಯೆತ್ತಿದರು. ಗಡಿಯಾಚೆ ಕಾಸರಗೋಡಿನ ಹಳ್ಳಿಗಳದೂ ಇದೇ ದುಃಖ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಎಂಡೋಸಲ್ಫಾನನ್ನು ನಿಷೇಧಿಸಿತು. ಸಂತ್ರಸ್ತರಿಗೆ ಮಾಸಾಶನವೂ ಕೊಕ್ಕಡದಲ್ಲಿ ಪಾಲನಾ ಕೇಂದ್ರವೂ ಆಮೇಲೆ ಬಂದ ವ್ಯವಸ್ಥೆಗಳು. ವಯಸ್ಸಾದ ತಾಯಿ ತಾನು ಹೋದ ಮೇಲೆ ಮೂವತ್ತು ವರ್ಷದ ಮಗನಿಗೆ ಅನ್ನ ತಿನ್ನಿಸುವವರಾರು ಎಂದು ಕೇಳುವ ಪ್ರಶ್ನೆಗೆ ಮಾತ್ರ ಯಾವ ವ್ಯವಸ್ಥೆಯಲ್ಲಿಯೂ ಪೂರ್ಣವಾದ ಉತ್ತರವಿಲ್ಲ. ಇಂಥ ನೆಲದಲ್ಲಿ ಸಸ್ಯಜನ್ಯ ಕೀಟನಾಶಕವೆಂಬ ಮಾತು ಕುತೂಹಲಕ್ಕಾಗಿ ಆಡುವ ಮಾತಲ್ಲ. ಅದು ಹಗುರವಾಗಿ ಭರವಸೆ ಕೊಡಬಾರದ ಮಾತೂ ಹೌದು.

ಇಲ್ಲಿ ಹೆಸರಿನ ಒಂದು ಗೊಂದಲವನ್ನೂ ಕಳೆಯುವುದು ಒಳ್ಳೆಯದು. 1984ರಲ್ಲಿ ಭೋಪಾಲದಲ್ಲಿ ಸಾವಿರಾರು ಜನರನ್ನು ಕೊಂದ ಅನಿಲ ಮೀಥೈಲ್ ಐಸೋಸಯನೇಟ್. ಸಾಸಿವೆಯ ದ್ರವ್ಯ ಐಸೋಥಯೋಸಯನೇಟ್. ನಡುವಣ ‘ಥಯೋ’ ಗಂಧಕವನ್ನು ಸೂಚಿಸುತ್ತದೆ. ಮೊದಲನೆಯದರಲ್ಲಿ ಆಮ್ಲಜನಕವಿರುವ ಎಡೆಯಲ್ಲಿ ಎರಡನೆಯದರಲ್ಲಿ ಗಂಧಕವಿದೆ. ಒಂದು ಪರಮಾಣುವಿನ ಭೇದದಿಂದ ದ್ರವ್ಯವೇ ಬೇರೆಯಾಗುತ್ತದೆ. ಹಾಗೆಂದು ಎರಡನೆಯದು ಸಾಧುವೆಂದೂ ತಿಳಿಯಬಾರದು. ಜೀವಕೋಶದ ಸಸಾರಜನಕ ದ್ರವ್ಯಗಳಲ್ಲಿರುವ ಗಂಧಕದ ತುದಿಗಳಿಗೆ ಅದು ಬಿಗಿಯಾಗಿ ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುತ್ತದೆ. ಹುಳು, ಶಿಲೀಂಧ್ರ, ಜಂತುಹುಳು ಯಾವುದಕ್ಕಾದರೂ ಪ್ರಮಾಣ ಮೀರಿದರೆ ಮಾರಕ.

ಗಿಡವು ಆಯುಧವನ್ನು ಹೂಡಿದರೆ ಕೀಟ ಸುಮ್ಮನಿರುವುದೇ? ಎಲೆಕೋಸಿನ ಬೆಳೆಗಾರರನ್ನು ಗೋಳಾಡಿಸುವ ವಜ್ರಬೆನ್ನಿನ ಪತಂಗದ ಮರಿಹುಳುವಿನ ಹೊಟ್ಟೆಯಲ್ಲಿ ಮೂಲದ್ರವ್ಯದ ಸಲ್ಫೇಟನ್ನು ಮೊದಲೇ ಕಿತ್ತುಬಿಡುವ ಇನ್ನೊಂದು ಕಿಣ್ವವಿದೆಯೆಂದು 2002ರಲ್ಲಿ ಪತ್ತೆಯಾಯಿತು. ಸಲ್ಫೇಟು ಹೋದ ಮೇಲೆ ಮೈರೋಸಿನೇಸಿಗೆ ಅದರ ಮೇಲೆ ಹಿಡಿತವಿಲ್ಲ. ಘಾಟು ಹುಟ್ಟುವುದೇ ಇಲ್ಲ. ಎಲೆಕೋಸಿನ ಹೇನು ಇನ್ನೂ ಚತುರ: ಅದು ಗಿಡದಿಂದ ಹೀರಿದ ಮೂಲದ್ರವ್ಯವನ್ನು ತನ್ನ ಮೈಯಲ್ಲಿ ಕೂಡಿಟ್ಟು, ತನ್ನದೇ ಆದ ಮೈರೋಸಿನೇಸನ್ನು ಬೇರೆ ಇಟ್ಟುಕೊಂಡು, ತನ್ನನ್ನು ತಿನ್ನಬಂದ ಜೀವಿಗೆ ಅದೇ ಘಾಟನ್ನು ತಿರುಗಿಸುತ್ತದೆ. ಇಂಥ ಕೀಟಗಳಿಗೆ ಸಾಸಿವೆಯ ವಾಸನೆ ಭಯವಲ್ಲ, ಆಮಂತ್ರಣ. ಬಿಳಿಚಿಟ್ಟೆಯ ಮರಿಹುಳುಗಳು ಈ ದ್ರವ್ಯವನ್ನೇ ಗುರುತಾಗಿಟ್ಟುಕೊಂಡು ತಮ್ಮ ಆಹಾರವನ್ನು ಆಯ್ದುಕೊಳ್ಳುತ್ತವೆಂಬುದನ್ನು ವೆರ್ಶಾಫೆಲ್ಟ್ ಎಂಬಾತನು 1910ರಲ್ಲಿಯೇ ತೋರಿಸಿದ್ದನು.

ಶತ್ರುವಿನ ಈ ಆಸೆಯನ್ನೇ ಉಪಾಯವಾಗಿ ತಿರುಗಿಸಿದ ಕೀರ್ತಿ ಕರ್ನಾಟಕದ ಒಂದು ಸಂಸ್ಥೆಗೆ ಸಲ್ಲುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶ್ರೀನಿವಾಸನ್ ಮತ್ತು ಕೃಷ್ಣಮೂರ್ತಿ ಎಂಬ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದ ಕ್ರಮದಂತೆ, ಎಲೆಕೋಸಿನ ಪ್ರತಿ 25 ಸಾಲುಗಳಿಗೆ ಜೋಡಿಸಾಲು ಸಾಸಿವೆಯನ್ನು ಬಿತ್ತಬೇಕು. ಒಂದು ಸಾಲನ್ನು ಕೋಸು ನೆಡುವ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನಗಳ ಬಳಿಕ ಬಿತ್ತಿದರೆ ಬೆಳೆಯ ಅವಧಿಯುದ್ದಕ್ಕೂ ಎಳೆಯ ಸಾಸಿವೆ ದೊರೆಯುತ್ತದೆ. ಪತಂಗಗಳು ಕೋಸನ್ನು ಬಿಟ್ಟು ಹೆಚ್ಚಾಗಿ ಸಾಸಿವೆಯ ಮೇಲೆ ಮೊಟ್ಟೆಯಿಡುತ್ತವೆ. ಆ ಸಾಲುಗಳಿಗಷ್ಟೇ ಔಷಧ ಹೊಡೆದರೆ ಆಯಿತು. ವಿಷವನ್ನು ಹೊಸದಾಗಿ ಕಂಡುಹಿಡಿಯುವುದಕ್ಕಿಂತ ವಿಷದ ಖರ್ಚನ್ನು ತಗ್ಗಿಸಿದ ಈ ಬುದ್ಧಿವಂತಿಕೆಗೆ ಸಲ್ಲಬೇಕಾದಷ್ಟು ಪ್ರಚಾರ ಸಂದಿಲ್ಲ.

ಕಿಣ್ವವನ್ನು ನೇರವಾಗಿ ಆಯುಧವಾಗಿಸುವ ಇನ್ನೊಂದು ಮಾರ್ಗ ಮಣ್ಣಿನೊಳಗಣದು. ಆಸ್ಟ್ರೇಲಿಯಾದಲ್ಲಿ ಸಾಸಿವೆಯ ಬಳಗದ ಬೆಳೆಯಾದ ಮೇಲೆ ಬಿತ್ತಿದ ಗೋಧಿಗೆ ಬೇರುರೋಗ ಕಡಿಮೆಯಾಗುತ್ತಿದ್ದುದನ್ನು ಗಮನಿಸಿ ಕರ್ಕ್‌ಗಾರ್ಡ್ ಮತ್ತು ಸಂಗಡಿಗರು 1993ರಲ್ಲಿ ಈ ಕ್ರಿಯೆಗೆ ಜೈವಿಕ ಧೂಮೀಕರಣವೆಂಬ ಅರ್ಥದ ಹೆಸರನ್ನಿಟ್ಟರು. ಓಜೋನ್ ಪದರಕ್ಕೆ ಕೇಡೆಂದು ಮೀಥೈಲ್ ಬ್ರೋಮೈಡ್ ಎಂಬ ಮಣ್ಣಿನ ಧೂಮವನ್ನು ಮುಂದುವರಿದ ದೇಶಗಳು 2005ರೊಳಗೆ, ಇತರ ದೇಶಗಳು 2015ರೊಳಗೆ ಕೈಬಿಡಬೇಕಾಗಿ ಬಂದುದರಿಂದ ಈ ಪದ್ಧತಿಗೆ ಎಲ್ಲೆಡೆ ಗಮನ ಬಂತು. ವಿಧಾನ ಸರಳ. ಸಾಸಿವೆ ಹೂಬಿಡುವ ವೇಳೆಗೆ ಗಿಡವನ್ನು ಸಾಧ್ಯವಾದಷ್ಟು ಸಣ್ಣಗೆ ಕೊಚ್ಚಿ, ಕೊಚ್ಚಿದ ಕೂಡಲೇ ಮಣ್ಣಿಗೆ ಬೆರೆಸಿ, ನೀರುಣಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುವುದು. ಕೊಚ್ಚುವುದು ಕೋಶಗಳನ್ನು ಒಡೆಯಲು. ನೀರು ಕಿಣ್ವದ ಕಾರ್ಯಕ್ಕೆ. ಹೊದಿಕೆ ಆವಿ ಹಾರಿಹೋಗದಿರಲು. ಒಂದೊಂದು ಹೆಜ್ಜೆಯೂ ಸಾಸಿವೆ ಅರೆಯುವ ಕಲ್ಲಿನ ಬಳಿಯ ಕ್ರಮವೇ. ಎರಡು ವಾರ ಬಿಟ್ಟು ಹಾಳೆ ತೆಗೆದು ಗಾಳಿಯಾಡಿಸಿದ ಮೇಲಷ್ಟೇ ಬಿತ್ತಬೇಕು. ಅವಸರಪಟ್ಟರೆ ಬೆಳೆಯ ಮೊಳಕೆಯೇ ಸುಟ್ಟುಹೋಗುತ್ತದೆ.

ಆದರೆ ಆಸ್ಟ್ರೇಲಿಯಾದ ಮಣ್ಣು ಬಂಟ್ವಾಳದ ಮಣ್ಣಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿದು ಸುಣ್ಣದಂಶವನ್ನೆಲ್ಲ ತೊಳೆದೊಯ್ದ, ಕಬ್ಬಿಣ ತುಂಬಿದ, ಹುಳಿಯಾದ ಮುರಕಲ್ಲಿನ ಮಣ್ಣು ಇದು. ಕಿಣ್ವವು ಸಕ್ಕರೆಯನ್ನು ಕತ್ತರಿಸಿದ ಬಳಿಕ ಉಳಿದ ಭಾಗ ಏನಾಗುತ್ತದೆಂಬುದು ಸುತ್ತಲಿನ ಹುಳಿಯನ್ನು ಅವಲಂಬಿಸಿದೆ. ಹುಳಿ ಹೆಚ್ಚಿದ್ದಲ್ಲಿ, ಕಬ್ಬಿಣದ ಲವಣಗಳೂ ಇದ್ದಲ್ಲಿ, ಐಸೋಥಯೋಸಯನೇಟಿಗೆ ಬದಲಾಗಿ ನೈಟ್ರೈಲ್ ಎಂಬ ಮಂದವಾದ ದ್ರವ್ಯವೇ ಹೆಚ್ಚಾಗಿ ಹುಟ್ಟುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಘಾಟಿನ ಬಲ ಅಲ್ಲಿಗೆ ಅರ್ಧವಾದಂತೆಯೇ. ಆದ್ದರಿಂದ ಹೊರದೇಶದ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತಂದು ರೈತನ ಕೈಗೆ ಕೊಡುವುದು ಸಲ್ಲದು. ಮೊದಲು ಸುಣ್ಣ ಹಾಕಿ ಮಣ್ಣಿನ ಹುಳಿಯನ್ನು ತಗ್ಗಿಸಿ, ಅನಂತರ ಸಣ್ಣ ಪಾತಿಗಳಲ್ಲಿ ಸಾಸಿವೆ ಬೆರೆಸಿದ್ದಕ್ಕೂ ಬೆರೆಸದಿದ್ದಕ್ಕೂ ತಾರತಮ್ಯ ನೋಡಬೇಕು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಅಡಕೆಯ ಸಂಶೋಧನಾ ಕೇಂದ್ರವಿದೆ. ಪುತ್ತೂರಿನಲ್ಲಿ ಗೇರು ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯಿದೆ. ಮಣ್ಣಿನ ಪರೀಕ್ಷೆಗಾಗಲಿ ಸಲಹೆಗಾಗಲಿ ದೂರ ಹೋಗಬೇಕಾಗಿಲ್ಲ.

ಎಲ್ಲಿ ಇದು ಫಲಿಸೀತು, ಎಲ್ಲಿ ಫಲಿಸದು ಎಂಬುದನ್ನು ನಿಷ್ಪಕ್ಷಪಾತವಾಗಿ ಹೇಳಬೇಕಾದರೆ, ಆವಿಯನ್ನು ಹಿಡಿದಿಡಬಲ್ಲ ಮುಚ್ಚಿದ ಎಡೆಗಳಲ್ಲಿ ಮಾತ್ರ ಆಸೆಯಿಡಬಹುದು. ಕಾಳುಮೆಣಸಿನ ಬಳ್ಳಿ ಬೇರೂರಿಸುವ ಸಸಿಮಡಿಯ ಮಣ್ಣು ಅಂಥದೊಂದು. ಸೊರಗುರೋಗದ ಶಿಲೀಂಧ್ರವೂ ಜಂತುಹುಳುವೂ ತೋಟಕ್ಕೆ ಪ್ರವೇಶಿಸುವುದು ಬಹುತೇಕ ಸಸಿಯ ಮಣ್ಣಿನ ಮೂಲಕವೇ. ಆ ಮಣ್ಣನ್ನು ಬೇಸಗೆಯ ಬಿಸಿಲಿನಲ್ಲಿ ಹಾಳೆ ಹೊದಿಸಿ ಕಾಯಿಸುವ ರೂಢಿ ಈಗಾಗಲೇ ಇದೆ. ಅದೇ ಹಾಳೆಯಡಿ ಕೊಚ್ಚಿದ ಸಾಸಿವೆ ಸೊಪ್ಪನ್ನೋ ಮೂಲಂಗಿ ಸೊಪ್ಪನ್ನೋ ಸೇರಿಸುವುದು ಹೆಚ್ಚಿನ ಖರ್ಚಿನ ಮಾತಲ್ಲ. ಏಣೆಲು ಕೊಯ್ದ ಬಳಿಕ ಸುಗ್ಗಿಯೂ ಇಲ್ಲದೆ ಕೊಳಕೆಯೂ ಇಲ್ಲದೆ ಈಗ ಬೀಳುಬಿಟ್ಟಿರುವ ಗದ್ದೆಗಳಲ್ಲಿ, ತರಕಾರಿ ಹಾಕುವ ಮುನ್ನ ಹಸುರುಗೊಬ್ಬರವಾಗಿ ಸಾಸಿವೆಯನ್ನು ಬಿತ್ತಿ ಪರೀಕ್ಷಿಸಬಹುದು. ಧಾನ್ಯದ ದಾಸ್ತಾನು ಮತ್ತೊಂದು ಎಡೆ. ಅಕ್ಕಿಮುಡಿಗಳನ್ನು ಅಟ್ಟದಲ್ಲಿ ಪೇರಿಸಿಡುತ್ತಿದ್ದ ಕಾಲ ಕಳೆದಿದೆಯಾದರೂ ಅಕ್ಕಿಗೆ ಬೀಳುವ ಮೂತಿಹುಳು ಕಳೆದಿಲ್ಲ. ಅಲೈಲ್ ಐಸೋಥಯೋಸಯನೇಟಿನ ಆವಿ ಮುಚ್ಚಿದ ಪಾತ್ರೆಯಲ್ಲಿ ಈ ಹುಳುವನ್ನು ಕೊಲ್ಲುತ್ತದೆಂಬುದು ಪ್ರಯೋಗಸಿದ್ಧ.

ಗೇರುಮರದ ಟೀ ಸೊಳ್ಳೆಗೆ ಮಾತ್ರ ಸಾಸಿವೆಯಲ್ಲಿ ಮದ್ದನ್ನು ಹುಡುಕುವುದು ವ್ಯರ್ಥ. ಗುಡ್ಡದ ಬಯಲುಗಾಳಿಯಲ್ಲಿ ಸಿಂಪಡಿಸಿದ ಘಾಟು ಎಲೆಯನ್ನು ಮುಟ್ಟುವ ಮೊದಲೇ ಚದುರಿಹೋಗುತ್ತದೆ. ಮಳೆಗಾಲದ ಅಡಕೆಯ ಕೊಳೆರೋಗಕ್ಕೂ ಅಷ್ಟೇ; ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಶತಮಾನದ ಹಿಂದೆ ರೂಢಿಗೆ ತಂದ, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರಿನ ಬೋರ್ಡೋ ದ್ರಾವಣವೇ ಈಗಲೂ ಗತಿ. ಸಾಸಿವೆಯ ಹೆಸರಿನಲ್ಲಿ ಸರ್ವರೋಗಹರವಾದ ಸೀಸೆಯೊಂದನ್ನು ಯಾರಾದರೂ ಮನೆಬಾಗಿಲಿಗೆ ತಂದರೆ ರೈತರು ಕೊಳ್ಳುವ ಮುನ್ನ ಅದರಲ್ಲಿ ಕಿಣ್ವ ಜೀವಂತವಿದೆಯೇ, ಅಥವಾ ಬಿಸಿ ಮಾಡಿ ಹಿಂಡಿದ್ದೇ ಎಂದು ಕೇಳಬೇಕು.

ಇನ್ನೊಂದು ತೊಡಕು ಹಿಂಡಿಯದು. ಮೂಲದ್ರವ್ಯ ಹೆಚ್ಚಿರುವ ಸಾಸಿವೆಹಿಂಡಿ ದನಗಳಿಗೆ ಹೆಚ್ಚಾದರೆ ಗಂಟಲಿನ ಗ್ರಂಥಿಗೆ ತೊಂದರೆಯೆಂದು 1970ರ ದಶಕದಿಂದೀಚೆಗೆ ಕೆನಡಾ ಮೊದಲಾದ ದೇಶಗಳಲ್ಲಿ ಆ ದ್ರವ್ಯವನ್ನು ಬಹುಮಟ್ಟಿಗೆ ಕಳೆದ ತಳಿಗಳನ್ನೇ ಬೆಳೆಸಲಾಗುತ್ತಿದೆ. ಮೇವಿಗೆ ಹಿತವಾದ ತಳಿ ಮಣ್ಣಿನ ಮದ್ದಿಗೆ ನಿರುಪಯೋಗಿ. ಮದ್ದಿಗೆ ಬೇಕಾದ ತಳಿ ಮೇವಿಗೆ ಅಹಿತ. ಬೀಜ ಕೊಳ್ಳುವಾಗ ಈ ಭೇದವನ್ನು ವಿಚಾರಿಸಲೇಬೇಕು. ಹಾಗೆಯೇ ಹಾಳೆ ಬಿಡಿಸುವವರು ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಕಣ್ಣು ಮೂಗುಗಳನ್ನು ಬಟ್ಟೆಯಿಂದ ಮರೆಮಾಡಿಕೊಳ್ಳಬೇಕು. ಮಕ್ಕಳನ್ನು ಆ ಪಾತಿಯ ಬಳಿಗೆ ಬಿಡಬಾರದು. ಗೊಬ್ಬರದ ಗುಂಡಿಯಿಂದ ತಂದ ಎರೆಹುಳುಗಳನ್ನೂ ಉಪಕಾರಿ ಶಿಲೀಂಧ್ರಗಳನ್ನೂ ಹಾಳೆ ತೆಗೆದು ಮಣ್ಣು ತಣಿದ ಮೇಲೆಯೇ ಸೇರಿಸಬೇಕು.